ಮೊದಲೇ ಬಂದ ಆಮೆನ್

ಆರು ವರ್ಷ ಆತು, ಸ್ವಾಮಿ.
ಲಕ್ವಾ ಹೊಡೆದ ದಿನ ಇವರ ಬಾಯೊಳಗಿನ ಮಾತೆಲ್ಲ
ಗಾಡಿಗೆ ಹೇರಿಕೊಂಡು ಹೋದಿ:
ನನ್ನ ಹೆಸರು, ಮಕ್ಕಳ ಹೆಸರು,
ಜೋಳದ ಧಾರಣಿ, ಸಿಟ್ಟು ಬಂದಾಗಿನ ಎರಡು ಬೈಗಳ,
ಢೋಲಕ್ ಮ್ಯಾಲ ಕೈ ಬಿದ್ದ ಕೂಡಲೇ ಏಳತಿದ್ದ ಅಷ್ಟೂ ಕೀರ್ತನಿ.
ಮೂಲ್ಯಾಗ ಒಂದು ಮರತು ಬಿಟ್ಟಿ.
ಆಮೆನ್.

ಚಹಾ ನಾಲಿಗಿ ಸುಟ್ಟರ ಆಮೆನ್.
ಪಕ್ಕದ ಮನಿ ಆಡು ರೊಟ್ಟಿ ಬುಟ್ಟಿಗೆ ಬಾಯಿ ಹಾಕಿದರ ಆಮೆನ್.
ಕರೆಂಟಿನವ ಫ್ಯೂಸ್ ಕಿತ್ತುಕೊಂಡು ಹೊಂಟಾಗ
ಬೀಗರನ್ನ ಬಾಗಿಲತನ ಕಳಿಸಿದಂಗ,
ಆಮೆನ್.
ಅವ ಪಾಪ, ತಲಿ ತಗ್ಗಿಸಿ ಹೋದ.
ನಾ ನಕ್ಕೆ. ನಕ್ಕೋತ ಒಳಗ ಹೋಗಿ
ಹಿಟ್ಟಿನ ಡಬ್ಬಿ ಮುಚ್ಚಳ ತೆಗದು
ಅದರಾಗ ಮಾರಿ ಇಟ್ಟು ಭಾಳ ಹೊತ್ತು ನಿಂತೆ.

ಮಂಗಲಪೇಟೆಗೆ ಹೊಸದಾಗಿ ಬಂದ ಪಾದ್ರಿ ಅಯ್ಯನವರು
ಭಾನುವಾರ ಅಂದರು:
ಕಷ್ಟ ಅಂದ್ರ ಬಿದರಿ ಕೆಲಸ ಇದ್ದಂಗ,
ಕಿಲ್ಲೇದ ಮಣ್ಣಾಗ ಕುದ್ದ ಮ್ಯಾಲೇ ಬೆಳ್ಳಿ ಎದ್ದು ಕಾಣ್ತದ.
ಹತ್ತೊಂಬತ್ತು ವರ್ಷ ಆತು
ಚೌಬಾರಾದ ಹಿಂದ, ಗಫೂರ್ ಉಸ್ತಾದರ ಕಾರ್ಖಾನೆಯಾಗ
ಹೂಜಿಗೆ ಎಣ್ಣಿ ಹಚ್ಚಿ ತಿಕ್ಕೂದು ಇವೇ ಕೈ.
ಬಿಸಲು ಕಾಣದ ಮಣ್ಣು ಹೌದೋ ಅಲ್ಲೋ ಅಂತ
ಉಸ್ತಾದರು ನಾಲಿಗಿ ಮ್ಯಾಲ ಇಟ್ಟು ನೋಡ್ತಾರ.
ಅಯ್ಯನವರ ಮಾತು ಖರೆ.
ಆದರ ಒಂದು ಹೂಜ್ಯಾಗ ಬೆಳ್ಳಿ ಎಷ್ಟಿರ್ತದ?
ಒಂದು ಬಳ್ಳಿ. ನಾಕು ಹೂವು.
ಉಳದದ್ದೆಲ್ಲ ಜಸ್ತ, ಕರ್ರಗಾಗೂದು ಅದು.
ನಾ ಜಸ್ತದ ಕಡಿಯಾಕಿ.
ಇದನ್ನ ಅವರ ಮುಂದ ಅನಲಿಲ್ಲ. ನಿನ್ನ ಮುಂದ ಅಂತೀನಿ.

ದೀಕ್ಷಾಸ್ನಾನದಾಗ ಇವರಿಗೆ ಇಟ್ಟ ಹೆಸರು ಜಕರೀಯ.
ಆ ಜಕರೀಯನ ಬಾಯೂ ಕಟ್ಟಿದ್ದಿ, ಓದೀನಿ.
ಆದರ ಅದಕ್ಕ ಲೆಕ್ಕ ಇತ್ತು,
ಬಸುರಿನ ದಿನದ ಲೆಕ್ಕ,
ಮುಗಿದ ಮ್ಯಾಲ ತೊಟ್ಟಿಲಾ ಇತ್ತು.
ಅವನ ಕೈಯಾಗ ಹಲಗಿ ಕೊಟ್ಟರು, ಕೂಸಿನ ಹೆಸರು ಬರದ.
ನಾನೂ ಮೊಮ್ಮಗಳ ಪಾಟಿ ಕೊಟ್ಟೆ.
ಎಡಗೈಲೆ ಒಂದು ಗೆರಿ ಎಳದರು.
ಹಾದಿಯೋ, ಹಾವೋ, ತಿಳೀಲಿಲ್ಲ.
ಅಳಸಲಿಕ್ಕ ಮನಸ್ಸಾಗಲಿಲ್ಲ.
ಹುಡುಗಿ ಎರಡು ದಿನ ಪಾಟಿ ಇಲ್ಲದೇ ಸಾಲಿಗೆ ಹೋದಳು.

ಮೊದಲನೇ ವರ್ಷ ಉಪವಾಸ ಪ್ರಾರ್ಥನಿಗೆ ಅಂಗಳ ತುಂಬತಿತ್ತು.
ಮರುವರ್ಷ ಒಂದು ಚಾಪಿ ಸಾಕಾತು.
ಈಗ ದೊರ್ಕಮ್ಮ ಒಬ್ಬಾಕಿ ಬರ್ತಾಳ,
ಆಕಿಗೂ ಮೊಣಕಾಲು ಬಗ್ಗಂಗಿಲ್ಲ,
ಹೊರಸಿನ ಕಾಲು ಹಿಡಕೊಂಡು ನಿಂತೇ ನಿನಗ ಹೇಳ್ತಾಳ.
"ಆ ಮನ್ಯಾಗ ವಿಶ್ವಾಸ ಕಡಿಮಿ"
ಅಂತ ನಳದ ಕಡೆ ಯಾರೋ ಅಂದರಂತ.
ಇರಬಹುದು.
ಅಳದು ನೋಡಲಿಕ್ಕ ನನ್ನ ಹತ್ರ ಸೇರೂ ಇಲ್ಲ, ಪಾವೂ ಇಲ್ಲ.

ನಿನ್ನಿ ರಾತ್ರಿ ನಾ ಪ್ರಾರ್ಥನಿ ಮಾಡಲಿಲ್ಲ.
ಗೊತ್ತದ ನಿನಗ.
ಏಪ್ರಿಲ್ ತಿಂಗಳ ಧಗಿ, ಗೋಡಿ ಮುಟ್ಟಿದರ ಜ್ವರ ಬಂದಂಗ.
ಇವರನ್ನ ಮಗ್ಗಲಾ ಹೊರಳಿಸಿ, ಬೆನ್ನಿನ ಹುಣ್ಣಿಗೆ ಔಷಧ ಹಚ್ಚಿ,
ನೆಲಕ್ಕ ಕುಂತೆ. ತುಟಿ ಹೊಲದಂಗ.
ಇಬ್ಬರೂ ಮೂಕರೇ ಆಗೂಣು ಬಿಡು ಅಂದೆ, ಮನಸಿನ್ಯಾಗ.

ಕತ್ತಲ್ಯಾಗ, ಗೋಡಿಗೆ ಮಾರಿ ಮಾಡಿಕೊಂಡೇ
ಇವರು ಅಂದರು: ಆಮೆನ್.
ಯಾವುದಕ್ಕ? ಅಂದೆ. ಏನು ಹೇಳೀನಿ ಅಂತ?
ಮತ್ತ ಆಮೆನ್. ಸಾವಕಾಶ.

ಆಗ ನೆನಪಾತು.
ಕ್ರಿಸ್ಮಸ್ ಹಿಂದಿನ ರಾತ್ರಿ ಓಣಿ ಓಣಿ ಹಾಡಕೋತ ಹೋಗುವಾಗ
ಮುದುಕರು, ಕೂಸು ಎತ್ತಿಕೊಂಡವರು ಹಿಂದ ಬೀಳತಿದ್ದರು,
ಒಂದು ಸಾಲು ತಡವಾಗಿ ಹಾಡತಿದ್ದರು.
ಇವರು ಢೋಲಕಿನ ಕಡೀ ಪೆಟ್ಟು ಕೊಡದೇ
ಕೈ ಮ್ಯಾಲೆತ್ತಿ ಹಿಡದು ನಿಲ್ಲತಿದ್ದರು,
ಅವರೂ ಬಂದು ಕೂಡಲಿ ಅಂತ.

ಶುರು ಮಾಡಿದೆ, ಸ್ವಾಮಿ. ದನಿ ಒಡದಿತ್ತು.
ತಂದೆ ಅಂದೆ. ಅನುದಿನದ ರೊಟ್ಟಿ ತನ ಬಂದೆ.
ಅಲ್ಲಿಗೆ ನೆನಪಾತು, ಮುಂಜಾನಿಗೆ ಹಿಟ್ಟಿಲ್ಲ.
ಎದ್ದು, ಮರದಾಗ ಜೋಳ ಸುರಕೊಂಡು
ಕತ್ತಲ್ಯಾಗೇ ಹಸನ ಮಾಡಲಿಕ್ಕ ಕುಂತೆ,
ಬೆರಳಿಗೆ ಹತ್ತಿದ ಹಳ್ಳು ಬಾಗಿಲ ಹೊರಗ ಒಗಕೋತ.

ನಡುವಿಂದಷ್ಟು ಬಾಕಿ ಅದ.
ಹಿಡಕೊಂಡಿರು.