ಕೂದಲೆಳೆಯಷ್ಟು ತಗ್ಗು

ನಾನು ಪಿಯಾನೊ ಶ್ರುತಿ ಮಾಡುವವನು.
ವರ್ಷಕ್ಕೆರಡು ಸಲ, ಬೇಸಿಗೆಗೆ ಮುಂಚೆ, ಚಳಿಗೆ ಮುಂಚೆ,
ವೇಲ್ಸಿನ ಕಡಲಂಚಿಗೆ, ಪೆನ್‌ಗ್ವಿಲಾನಿನ ಏರು ಹತ್ತಿ
ಗ್ವೆನ್‌ಲಿಯನ್ ಪ್ರಾಸರ್ ಮನೆಯ ಬಾಗಿಲು ತಟ್ಟುತ್ತಿದ್ದೆ.

ಆವತ್ತು ಮುಚ್ಚಳ ತೆಗೆದು, ತಂತಿಗಳ ನಡುವೆ
ಕೆಂಪು ಉಣ್ಣೆಪಟ್ಟಿ ತೂರಿಸಿ ತಿರುಪುತ್ತಿದ್ದೆ.
ವಕೀಲ ಬಂದ. ಒದ್ದೆ ಕೋಟು, ತೆಳ್ಳನೆ ಕಡತ.
"ಐದು ನಿಮಿಷ ಬಿಡುವುಂಟೆ? ಒಬ್ಬ ಸಾಕ್ಷಿ ಕಡಿಮೆ."
ಇನ್ನೊಬ್ಬ ಆಗಲೇ ಅಡುಗೆಮನೆಯಲ್ಲಿದ್ದ,
ಗುರುವಾರದ ಮೀನು ಇಳಿಸಿ ಚಹಾಕ್ಕೆ ಕಾಯುತ್ತಿದ್ದ
ಇವೋರ್ ಬೆಬ್.

ಮೈರ್ ಇದ್ದಾಳಲ್ಲ, ಅಂದೆ.
ಹನ್ನೊಂದು ವರ್ಷ ಆಕೆಯ ಮೈ ತೊಳೆದು, ಉಗುರು ಕತ್ತರಿಸಿ,
ರಾತ್ರಿ ಮೂರಕ್ಕೆದ್ದು ಮಗ್ಗುಲು ಬದಲಿಸಿದವಳು.
ವಕೀಲ ತಲೆಯಾಡಿಸಿದ. ಅವಳು ಆಗುವಂತಿಲ್ಲ.
ಅಷ್ಟರಲ್ಲೇ ತಿಳಿದುಹೋಯಿತು ನನಗೆ,
ತಿಳಿಯಬಾರದಿದ್ದದ್ದು.

ಮೈರ್ ತುಟಿ ಪಿಟ್ಟೆನ್ನದೆ ಅಂಗಳಕ್ಕೆ ನಡೆದಳು.
ಕಿಟಕಿಯಾಚೆ ಬಟ್ಟೆ ಒಣಹಾಕತೊಡಗಿದಳು
ಮೋಡ ಕವಿದ ಹೊತ್ತಲ್ಲಿ, ಒಣಗದೆಂದು ಗೊತ್ತಿದ್ದೂ,
ನಮಗೆ ಬೆನ್ನು ಮಾಡಿ.

ವಿಚಿತ್ರ ಕಾನೂನು.
ಹತ್ತಿರದವಳಿಗೆ ಅಂಗಳ,
ಮೀನಿನವನಿಗೆ, ತಂತಿಯವನಿಗೆ ಮಂಚದ ಪಕ್ಕ ಕುರ್ಚಿ.
ಈ ಮನೆಯಿಂದ ನಿನಗೊಂದು ಚಮಚವೂ ಸಲ್ಲುವುದಿಲ್ಲ,
ಅದಕ್ಕೇ ಬಾ, ಕೂತು ನೋಡು.

"ಒಳಗೇನು ಬರೆದಿದೆ?" ಇವೋರ್ ಕೇಳಿದ.
"ಅದು ನಿಮಗೆ ಬೇಡ. ಕೈ ನೋಡಿ, ಸಾಕು."
ವಕೀಲ ಬಿಳಿ ಹಾಳೆಯೊಂದನ್ನು ಅಡ್ಡವಿಟ್ಟು
ಒಕ್ಕಣೆ ಮುಚ್ಚಿದ.
ಕಿವಿಯ ಅನ್ನ ಉಂಡವನು ನಾನು,
ಕಣ್ಣು ನೆಟ್ಟೆ.

ಕೈ ನಡುಗಿತು. ಪೆನ್ನು ಜಾರಿತು.
ಇವೋರ್ ಬಾಗಿದ; ಬೇಡವೆಂದಳು.
ಕಂಬಳಿಯ ಮಡಿಕೆಯಲ್ಲಿ ತಾನೇ ತಡಕಿ ಹಿಡಿದಳು.
ಮೊದಲಕ್ಷರದಲ್ಲಿ ಎಷ್ಟು ಹೊತ್ತು ನಿಂತಳೆಂದರೆ
ಗೋಡೆ ಗಡಿಯಾರದ ಬಡಿತಕ್ಕೂ ಶ್ರುತಿ ಬೇಕೆನಿಸಿತು.
ಆಮೇಲೆ ಒಂದೇ ಉಸಿರಿಗೆ ಕೊನೆತನಕ,
ಶಾಲೆಯ ಕಾಪಿಪುಸ್ತಕದ ಬಾಲಂಗೋಚಿ ಸಮೇತ.

ಆಮೇಲೆ ನಾನು, ಅವರಿಬ್ಬರೂ ನೋಡುತ್ತಿರಲು.
ಆಮೇಲೆ ಇವೋರ್.
ಅಷ್ಟರಲ್ಲಿ ಕೆಟಲ್ ಕೂಗಿತು.
ಯಾರೂ ಏಳಕೂಡದು, ಅಂದ ವಕೀಲ.
ಕೂಗಲು ಬಿಟ್ಟೆವು.
ಇವೋರನ ಹೆಬ್ಬೆರಳಿಂದ ಒಂದು ಬಂಗಡೆ ಪೊರೆ
ಹಾಳೆಯಂಚಿಗೆ ಅಂಟಿ ಮಿನುಗಿತು. ಒರೆಸಹೋದರೆ
"ಇರಲಿ ಬಿಡಿ, ಅವನದೇ ಮೊಹರು" ಅಂದು ನಕ್ಕಳು ಆಕೆ.

ನಾನು ಪಿಯಾನೊಗೆ ಮರಳಿದೆ. ಕೆಲಸ ಮುಗಿಸಿ
ಮುಚ್ಚಳ ಹಾಕಬೇಕು, ಪಕ್ಕದ ಕೋಣೆಯಿಂದ ದನಿ:
"ಮೇಲಿನ ಎರಡನೇ ಕಪ್ಪು ಮನೆ
ಇನ್ನೂ ಕೂದಲೆಳೆಯಷ್ಟು ತಗ್ಗಿದೆ."
ಒತ್ತಿ ಕೇಳಿದೆ.
ಹೌದು.

ಮೂರು ವರ್ಷದ ಮೇಲೆ ನೋಟೀಸು ಬಂತು.
ಕಾರ್ಡಿಫಿನ ಸೋದರಳಿಯಂದಿರ ತಕರಾರು:
ಮುದುಕಿಯ ಬುದ್ಧಿ ನೆಟ್ಟಗಿರಲಿಲ್ಲ,
ಕೆಲಸದವಳು ಕೈ ಹಿಡಿದು ಬರೆಸಿದಳು.
ಇವೋರ್ ಆಗಲೇ ಮಣ್ಣು ಸೇರಿದ್ದ.
ಅವನ ಪರವಾಗಿ ಅವನ ಡೊಂಕು ಅಕ್ಷರ,
ಹಳದಿಗಟ್ಟಿದ ಆ ಪೊರೆ.

ಸ್ವಸ್ಥಚಿತ್ತಳೆಂದು ಹೇಗೆ ಬಲ್ಲಿರಿ? ವೈದ್ಯರೇ ನೀವು?
ಅಲ್ಲ ಸ್ವಾಮಿ.
ನನ್ನ ಕಿವಿಗೆ ತಪ್ಪಿದ್ದನ್ನು
ಗೋಡೆಯಾಚೆ ಮಲಗಿದ್ದವಳು ಹಿಡಿದಳು. ಅಷ್ಟು ಬಲ್ಲೆ.

ಮೈರ್ ಎಲ್ಲಿದ್ದಳು?
ಅಂಗಳದಲ್ಲಿ. ಮೂರು ಹೊದಿಕೆ, ಒಂದು ರಾತ್ರಿಯಂಗಿ.
ಒಮ್ಮೆಯೂ ತಿರುಗಲಿಲ್ಲ.

ಆ ಮನೆಯಿಂದ ನಿಮಗೇನಾದರೂ ಬಂತೆ?
ಇಲ್ಲ, ಅಂದೆ.
ಆ ದಿನದ ಕೂಲಿ ಕೊಡಲು ಆಕೆ ಮರೆತಿದ್ದಳು.
ಕೇಳೋಣವೆಂದು ಏರಿನ ಅರ್ಧದವರೆಗೆ ಒಮ್ಮೆ ಹೋಗಿದ್ದೆ ಕೂಡ.
ಯಾಕೋ, ಅಲ್ಲಿಂದಲೇ ಇಳಿದು ಬಂದೆ.