ಅಂಜಲೈಗೆ ಊರ ಸುದ್ದಿ

ಏಳಕ್ಕ ವರ್ಕ್‌ಶಾಪಿನ ಭೋಂಗಾ ಹೊಡೀತು.
ಗದಗ ರೋಡಿನ ಕ್ವಾರ್ಟರ್ಸಿನ್ಯಾಗ ನಳಾ ಬಂದಿತ್ತು.
ಕೊಡಾ ಹಚ್ಚಿ ನಿಂತ ಅಂಜಲೈ ಕೇಳಿದಳು:
"ನೋಡಿ ಬಂದೀ ಏನವಾ, ನಮ್ಮೂರು?"

ನಮ್ಮೂರು ಅಂದಳು.
ಹುಟ್ಟಿದ್ದು ಇಲ್ಲೇ, ರೈಲ್ವೆ ದವಾಖಾನಿಯೊಳಗ,
ಸಾಲಿ ಕಲ್ತದ್ದು ಕೇಶ್ವಾಪುರದಾಗ,
ಬೈಯಾಕ ನಿಂತರ ಧಾರವಾಡದವರು ಕಿವಿ ಮುಚ್ಚಿಕೊಳ್ಳುವಂಥ ಕನ್ನಡ.
ಆದರೂ ತರಂಗಂಬಾಡಿ ಆಕೀಗೆ ನಮ್ಮೂರು;
ಅಜ್ಜ ಬಿಟ್ಟು ಬಂದದ್ದು, ತಾ ಕಾಣದ್ದು.

ಏನ ಹೇಳಲಿ?
ಸೊಸಾಯಿಟಿ ಟೂರಿನ ಬಸ್ಸು ಎರಡ ತಾಸು ನಿಂತಿತ್ತು.
ಬಿಳೀ ಅಗಸಿಯೊಳಗ ಹಾದು ಹೋದ್ವಿ.
ಓಣಿಗೆ ರಾಜನ ಹೆಸರು; ಯಾವ ರಾಜ, ಗೈಡಿಗೂ ಗೊತ್ತಿಲ್ಲ.
ದಂಡಿಗೆ ಡೇನರ ಕೋಟಿ, ಹೂರಣದ ಬಣ್ಣದ್ದು.
ಹಡಗದಾಗ ಬಂದರಂತ, ಮೆಣಸು ತುಂಬಿದರಂತ,
ತಮಿಳು ಕಲ್ತು ಪುಸ್ತಕ ಅಚ್ಚು ಹಾಕಿದರಂತ, ಸತ್ತರಂತ.
ಗೋರಿ ಮ್ಯಾಲ ಆಡು ಮಲಗಿದ್ದವು.

ಸಮುದ್ರದ ಬಾಯಾಗ ಒಂದು ಗುಡಿ.
ಮುಂದಿನದು ನೀರು ತಿಂದೈತಿ,
ಉಳಿದದ್ದರಾಗ ದೀಪ.
ಯಾವೂರು ಅಂತ ಪೂಜಾರಿ ಕೇಳಿರಬೇಕು,
ನಾ ಹುಬ್ಬಳ್ಳಿ ಅಂದೆ.
ಆತ ಮೊಣಕೈ ಮಡಚಿ
ರೈಲಿನ ಗಾಲಿ ತಿರುಗಿಸಿ ತೋರಿಸಿದ, ನಕ್ಕ.

ತೆರಿ ಸುದ್ದಿ ಹೇಳಾಕ ಹೊಂಟೆ,
ಅಂಜಲೈ ತಡದಳು:
"ಅದಿರಲಿ. ಟೇಸನ್ ನೋಡಿದ್ಯಾ?
ಅಜ್ಜ ಹತ್ತಿದ್ದು?
ಒಂದು ಟ್ರಂಕು, ಅಮ್ಮಾಯಿ, ಒಣಮೀನಿನ ಗಂಟು;
ಇಡೀ ಡಬ್ಬಿ ನಾತಕ್ಕ ಖಾಲಿ ಆಗಿತ್ತಂತ."

ಟೇಸನ್ ಇಲ್ಲ.
ಆ ಊರಿಗೆ ಈಗ ರೈಲೇ ಇಲ್ಲ, ಅಂಜಲೈ.
ಹಳಿ ಕಿತ್ತು ಭಾಳ ವರ್ಷಾತಂತ.
ಜಾಲಿ ಬೆಳದಾವು. ನಡುವ ಒಂದು ಕಾಲಹಾದಿ
ಹಟ ಹಿಡದವರಂಗ ನೆಟ್ಟಗ ಹೊಕ್ಕೈತಿ,
ಹುಡುಗರು ಸೈಕಲ್ ಹೊಡೀತಾವು.

ಕೊಡಾ ತುಂಬಿ ಚೆಲ್ಲಾಕತ್ತಿತ್ತು.
ಮೂರು ತಲಿ ರೈಲು ರಿಪೇರಿ ಮಾಡಿದ ಮನಿ:
ಅಜ್ಜ ಬಾಯ್ಲರ್, ಅಪ್ಪ ಫಿಟ್ಟರ್, ಗಂಡ ಪೇಂಟ್ ಶಾಪು.
ನಳಾ ಬಂದ್ ಮಾಡದ ಕೇಳಿದಳು:
"ಕಿತ್ತ ಹಳಿ ಎಲ್ಲಿಗೆ ಒಯ್ದರಂತ?"

ಕೇಳಲಿಲ್ಲವಾ. ಬಸ್ಸಿಗೆ ಹೊತ್ತಾಗಿತ್ತು.
ಟೂರಿನ ಚಪ್ಪಲಿ ಕಾಲಾಗ ಇದ್ದವು, ಝಾಡಿಸಿದೆ;
ಚಿಟಿಕಿ ಉಸುಕು ಬಿತ್ತು ಆಕಿ ಕಟ್ಟಿ ಮ್ಯಾಲ.
ಕಸಬರಿಗಿ ಹಿಡಿದು ಬಂದ ಸೊಸಿಗೆ
ತಡಿ ಅಂದಳು, ತಮಿಳಿನ್ಯಾಗ.
ಆಮ್ಯಾಲ ಚೆಲ್ಲಿದ ನೀರಿಗೆ
ಕನ್ನಡದಾಗ ಬೈದಳು.