ಇಲ್ಲದ ಇಲಾಖೆಯಲ್ಲಿ ಜನವರಿ

ಎಂಟು ವರ್ಷವಾಯಿತು ನಾನು ಇಲ್ಲವಾಗಿ.
ರುಮೇನಿಯಾದಲ್ಲಿ ಸೆನ್ಸಾರ್ ರದ್ದಾಯಿತೆಂದು
ಎಪ್ಪತ್ತೇಳರಲ್ಲೇ ಪತ್ರಿಕೆಯಲ್ಲಿ ಬಂತು,
ಆ ಸುದ್ದಿಯ ಕರಡು ತಿದ್ದಿದವಳೂ ನಾನೇ.
ಮೇಜು ಅದೇ, ಕೆಂಪು ಪೆನ್ಸಿಲು ಅದೇ,
ಬಾಗಿಲ ಮೇಲಿನ ಹಲಗೆಯಷ್ಟೇ ಬೇರೆ.

ಯಾಶ್ ಪಟ್ಟಣ. ಬೆಳಗಿನ ಎಂಟು ಗಂಟೆ.
ರೇಡಿಯೇಟರಿಗೆ ಕೈಯಿಟ್ಟರೆ
ಹೆಣದ ಹಣೆ ಮುಟ್ಟಿದ ಹಾಗೆ.
ಹಾಳೆ ಮಗುಚಲೆಂದು ಕೈಗವಸಿನ
ಎರಡು ಬೆರಳ ತುದಿ ಕತ್ತರಿಸಿಕೊಂಡಿದ್ದೇನೆ.
ಇನ್ನೂರ ಹನ್ನೆರಡು ಹಾಳೆ.
ಸೆವೆರ್ ಕ್ರಸ್ನಾರು; ಮೊದಲ ಕಾದಂಬರಿ;
ಕಸುಬು, ಟ್ರಾಮ್ ಡಿಪೋದಲ್ಲಿ ಎಲೆಕ್ಟ್ರಿಷಿಯನ್.

ಅವನ ಕಥೆಯಲ್ಲೊಂದು ಊರು,
ಸಮುದ್ರದಾಚೆ, ಮುಂದೆಂದೋ ಬರುವ ಕಾಲ.
ಅಲ್ಲಿ ಚಳಿಗಾಲವನ್ನು ರದ್ದು ಮಾಡಿದ್ದಾರೆ.
ಮನೆಮನೆಯ ಥರ್ಮಾಮೀಟರುಗಳನ್ನು
ಮೊಟ್ಟೆಯಂತೆ ಬುಟ್ಟಿಯಲ್ಲಿ ಒಯ್ದಿದ್ದಾರೆ.
ನಡುಗಿದವರಿಗೆ ದಂಡ.
ಗೋಡೆಯಾಚೆ ಹಲ್ಲು ಕಟಕಟ ಎಂದರೆ
ನೆರೆಯವರು ಬರೆದಿಡಬೇಕು ಗಂಟೆ, ನಿಮಿಷ.
ಮುದುಕಿಯೊಬ್ಬಳು ಹಾಸಿಗೆಯಲ್ಲೇ ಸೆಟೆದು ಸತ್ತಳು.
ವೈದ್ಯ ಬರೆದ: ವಿಪರೀತ ಬಿಸಿಲು.

ನಗು ಬಂತು. ಬಾಯಿಂದ ಹೊಗೆಯಾಗಿ ಬಂತು,
ನಕ್ಕಿದ್ದಕ್ಕೆ ಸಾಕ್ಷಿಯಾಗಿ
ಮೇಜಿನ ಮೇಲೆ ಒಂದು ಗಳಿಗೆ ತೇಲಿತು.
ಎದುರು ಮೇಜಿನ ತೆಯೋಫಿಲ್ ತಲೆಯೆತ್ತಲಿಲ್ಲ.
ಅವನ ಹೊಗೆಯೂ ಆಗಾಗ ತೇಲುವುದುಂಟು.

ಕುಂಬಳಕಾಯಿ ಕಳ್ಳ ಎಂದರೆ
ಹೆಗಲು ಮುಟ್ಟಿ ನೋಡಿಕೊಂಡನಂತೆ.
ನನಗೆ ಸಂಬಳ ಸಿಗುವುದು ಅದಕ್ಕೇ:
ಯಾವ ದೊಡ್ಡ ಹೆಗಲಿಗೆ ಬೂದಿ ಮೆತ್ತಿದೆಯೆಂದು
ಹೆಗಲಿನವನಿಗಿಂತ ಮೊದಲು ನಾನು ನೋಡಬೇಕು.
ಚಳಿ ಎಂಬಲ್ಲಿ ಗೆರೆ ಎಳೆದೆನೋ,
ನಮ್ಮಲ್ಲಿ ಚಳಿಯಿದೆ ಎಂದು ಸಹಿ ಹಾಕಿದಂತೆ.
ಬಿಟ್ಟೆನೋ, ಅದೇ ಮಾತು ಅಚ್ಚಾಗಿ
ಅಂಗಡಿಗೆ ಹೋಗುತ್ತದೆ.

ಅಳಿಸಬೇಕಾದರೆ ಮೊದಲು ಅರ್ಥವಾಗಬೇಕು,
ಇದನ್ನು ತರಬೇತಿಯಲ್ಲಿ ಯಾರೂ ಹೇಳಲಿಲ್ಲ.
ಓದುಗರು ಪುಟ ಹಾರಿಸಬಹುದು, ನಾನು ಹಾರಿಸುವಂತಿಲ್ಲ.
ಬ್ರೆಡ್ಡಿನ ಸಾಲಿನ ಬಗ್ಗೆ ಯಾರೋ ಬರೆದ ನಾಲ್ಕು ಸಾಲು,
ಕಾಲುವೆ ತೋಡಲು ಹೋಗಿ ಬಾರದ ತಮ್ಮನಿಗೆ
ಅಕ್ಕ ಬರೆದ ಒಂದು ಪ್ಯಾರಾ,
ಒಂದು ಒಳ್ಳೆಯ ಬೈಗುಳ;
ಈ ಪಟ್ಟಣ ಓದದೇ ಹೋದದ್ದೆಲ್ಲ
ಇಪ್ಪತ್ತು ವರ್ಷದಿಂದ ನನ್ನೊಳಗೆ
ಬಾಡಿಗೆ ಕೊಡದೆ ಕೂತಿದೆ.

ನೂರ ಮೂವತ್ತನೇ ಹಾಳೆ.
ಅಲ್ಲೊಬ್ಬ ಗುಮಾಸ್ತೆ ಬರುತ್ತಾಳೆ,
ಆ ಊರಿನ ನಿಘಂಟಿನಿಂದ ಪದ ಕೀಳುವವಳು.
ಕಿತ್ತದ್ದನ್ನು ಎಲ್ಲಿ ಹಾಕಬೇಕೆಂದು
ಆಜ್ಞೆಯಲ್ಲಿ ಬರೆದಿಲ್ಲ.
ಹಿಮ, ಮಂಜು, ಕಂಬಳಿ, ಕೆಂಡ
ಕೋಟಿನ ಅಸ್ತರಿನಲ್ಲಿ ತುಂಬಿಕೊಂಡು
ಸಂಜೆ ಮನೆಗೆ ಹೋಗುತ್ತಾಳೆ.
ಊರಿಗೆಲ್ಲ ಬೆಚ್ಚಗಿದ್ದವಳು ಅವಳೊಬ್ಬಳೇ.

ಪೆನ್ಸಿಲು ನಿಂತಿತು.
ಈ ಮನುಷ್ಯ ನನ್ನನ್ನು ಎಲ್ಲಿ ನೋಡಿದ?
ಟ್ರಾಮಿನಲ್ಲೇ? ನೂಕುನುಗ್ಗಲಲ್ಲೇ?
ನಾನೂ ಹೆಗಲು ಮುಟ್ಟಿ ನೋಡಿಕೊಂಡೆ.

ವರದಿಯಲ್ಲಿ ಬರೆದೆ: ಬಿಸಿ ದೇಶದ ತಮಾಷೆ ಕಥೆ.
ಒಂದು ಹಾಳೆ ಬಿಟ್ಟು ಆಕ್ಷೇಪವಿಲ್ಲ.
ಮೇಲಿನವರು ಏನೂ ಓದುವುದಿಲ್ಲ,
ನಾನು ಓದಿದ್ದೇನೆಂದು ನಂಬುತ್ತಾರೆ, ಅಷ್ಟೆ.

ಗುರುವಾರ ಅವನು ಬಂದ.
ಕೈಗೆ ಗವಸಿಲ್ಲ, ತಂತಿ ಸುಟ್ಟ ಕಲೆಗಳು.
ಯಾವ ಹಾಳೆ ಎಂದ. ಹೇಳಿದೆ.
ಟೋಪಿಯನ್ನು ಎರಡು ಸಲ ತಿರುಗಿಸಿದ.
"ಅದು ಹೋದರೆ, ಕಾಮ್ರೇಡ್,
ಉಳಿದದ್ದು ಬರೀ ಹವಾಮಾನ."
ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಆ ರಾತ್ರಿ ಎಂದಿನಂತೆ ಕರೆಂಟು ಹೋಯಿತು.
ಕೋಟು ಹಾಕಿಕೊಂಡೇ ಮಲಗಿ
ನೂರ ಮೂವತ್ತನೇ ಹಾಳೆಯನ್ನು
ಮೊದಲಿಂದ ಕೊನೆಯವರೆಗೆ ಓದಿದೆ,
ಜೋರಾಗಿ. ದೀಪ ಬೇಕಾಗಲಿಲ್ಲ.
ನಡುನಡುವೆ ಹಲ್ಲು ಕಟಕಟ ಎನ್ನುತ್ತಿತ್ತು.
ಗೋಡೆಯಾಚೆಯವರು ಬರೆದುಕೊಂಡಿರಬಹುದು
ಗಂಟೆ, ನಿಮಿಷ.